ಕುರಿ ಮಾಡ್ತಿದ್ದ ಕೆಲಸ

ಬೆಂಗಳೂರಿನ ಯಾವುದಾದ್ರೂ ನರ್ಸರಿಗೆ ಹೋಗಿ "ಮನೆ ಮುಂದೆ ಲಾನ್ ಹಾಕಿಸ್ಬೇಕು" ಅಂತ ಕೇಳಿ. ಬರ್ಮುಡಾ, ಮೆಕ್ಸಿಕನ್, ಕೊರಿಯನ್, ಬಫಲೋ ಅಂತ ಭೂಪಟ ಓದಿದ ಹಾಗೆ ಹೆಸರು ಹೇಳ್ತಾರೆ. ರೇಟು ಚದರಡಿ ಲೆಕ್ಕ. ಇದರಲ್ಲಿ ಬರ್ಮುಡಾ ಅನ್ನೋದು ಬೇರೇನೂ ಅಲ್ಲ, ನಮ್ಮ ಗರಿಕೆ. ಆರಿಸಿದ ತಳಿ, ಮಿಶ್ರತಳಿ ಅಂತ ಬೇರೆ ಬೇರೆ ಇರಬಹುದು, ಆದ್ರೆ ಗಣೇಶನ ಹಬ್ಬಕ್ಕೆ ನಾವು ಕಿತ್ತು ತರೋ ಗರಿಕೆಯ ಕುಲವೇ ಅದು.

ನಮ್ಮೂರಲ್ಲಿ ಗರಿಕೆ ದೇವರಿಗೂ ಬೇಕು, ದನಕ್ಕೂ ಬೇಕು. ಹೊಲಕ್ಕೆ ಮಾತ್ರ ಬೇಡ. ರಾಗಿ ಹೊಲದಲ್ಲಿ ಅದು ಹಬ್ಬಿತು ಅಂದ್ರೆ ಮಾಗಿ ಉಳುಮೆ ಮಾಡಿ, ಬೇರು ಆರಿಸಿ, ಬದುವಿನ ಮೇಲೆ ಒಣಗಿಸಿ ಸುಡಬೇಕು. ಒಂದು ಗಿಣ್ಣು ಉಳಿದ್ರೂ ಮೊದಲ ಮಳೆಗೆ ಮತ್ತೆ ಚಿಗುರುತ್ತೆ. ಇಲ್ಲಿನ ರೇಟು ಹೇಳಿದಾಗ ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ: "ದುಡ್ಡು ಕೊಟ್ಟು ಗರಿಕೆ ನೆಡಿಸ್ತಾರೇನೋ ಮಗಾ ನಿಮ್ಮೂರಲ್ಲಿ?"

ಆ ಪ್ರಶ್ನೆಗೆ ಉತ್ತರ ಬೇಕು ಅಂದ್ರೆ ಇಂಗ್ಲೆಂಡಿಗೆ ಹೋಗ್ಬೇಕು.

18ನೇ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ಜಮೀನುದಾರರ ಬಂಗಲೆ ಮುಂದೆ ಕಣ್ಣು ಹಾಯೋವರೆಗೂ ಹುಲ್ಲು. 'ಕೇಪಬಿಲಿಟಿ' ಬ್ರೌನ್ ಅಂತಲೇ ಹೆಸರಾದ ಲ್ಯಾನ್ಸೆಲಾಟ್ ಬ್ರೌನ್ (1716–1783) ಇಂಥ ತೋಟಗಳನ್ನ ರೂಪಿಸಿ ಪ್ರಸಿದ್ಧನಾದವನು. ಆ ಹುಲ್ಲನ್ನ ಗಿಡ್ಡಕ್ಕೆ ಇಡ್ತಿದ್ದವರು ಯಾರು? ಮನೆ ಹತ್ತಿರದ್ದನ್ನ ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು, ದೂರದ್ದನ್ನ ಕುರಿಗಳು. ಕುರಿ ಮನೆ ಬಾಗಿಲಿಗೆ ಬರಬಾರದು, ಆದ್ರೆ ಕಿಟಕಿಯಿಂದ ನೋಡಿದ್ರೆ ಬೇಲಿಯೂ ಕಾಣಬಾರದು. ಅದಕ್ಕೆ ನೆಲದಲ್ಲಿ ಒಂದು ಗುಪ್ತ ಕಂದಕ ತೋಡ್ತಿದ್ರು. ಅದರ ಹೆಸರು 'ಹಾ-ಹಾ'. ತಮಾಷೆ ಅಲ್ಲ, ನಿಜವಾಗ್ಲೂ ಹೆಸರೇ ಅದು.

ಕುರಿಗೆ ಬದಲಿ ಬಂದಿದ್ದು 1830ರಲ್ಲಿ. ಸ್ಟ್ರೌಡ್ ಹತ್ತಿರದ ಎಡ್ವಿನ್ ಬಡ್ಡಿಂಗ್ ಅನ್ನೋ ಮೆಕ್ಯಾನಿಕ್ ಹುಲ್ಲು ಕತ್ತರಿಸೋ ಮಿಷನ್ನಿಗೆ ಪೇಟೆಂಟ್ ತಗೊಂಡ. ಐಡಿಯಾ ಸಿಕ್ಕಿದ್ದು ಬಟ್ಟೆ ಗಿರಣಿಯಲ್ಲಿ. ನೇಯ್ದ ಉಣ್ಣೆ ಬಟ್ಟೆ ಮೇಲೆ ಎದ್ದು ನಿಂತ ಎಳೆಗಳನ್ನ ಸಮ ಮಾಡೋಕೆ ಅಲ್ಲಿ ಸುರುಳಿ ಬ್ಲೇಡಿನ ಯಂತ್ರ ಇತ್ತು. ಅದನ್ನೇ ನೆಲಕ್ಕಿಳಿಸಿದ. ಕುರಿಯ ಉಣ್ಣೆ ಕತ್ತರಿಸ್ತಿದ್ದ ಯಂತ್ರ ಕುರಿಯ ಕೆಲಸವನ್ನೇ ಕಿತ್ಕೊಂಡಿತು ನೋಡಿ!

ಸಾಫ್ಟ್‌ವೇರ್‌ನವರಿಗೆ ಇದು ಗೊತ್ತಿರೋ ಕಥೆ. ಹಳೇ ಸಿಸ್ಟಮ್ ತೆಗೆದು ಹೊಸದು ಹಾಕ್ತೀವಿ. ಹಳೇದು ಸದ್ದಿಲ್ಲದೆ ಇನ್ನೂ ನಾಲ್ಕು ಕೆಲಸ ಮಾಡ್ತಿತ್ತು ಅಂತ ಆಮೇಲೆ ಗೊತ್ತಾಗುತ್ತೆ. ಕುರಿ ಬರೀ ಹುಲ್ಲು ಕತ್ತರಿಸ್ತಿರಲಿಲ್ಲ. ತಿಂದ ಜಾಗಕ್ಕೇ ಗೊಬ್ಬರ ಹಾಕ್ತಿತ್ತು. ಕುರುಬ ಮುಂದಕ್ಕೆ ಹೊಡ್ಕೊಂಡು ಹೋದಾಗ ಹುಲ್ಲಿಗೆ ವಿಶ್ರಾಂತಿ ಸಿಗ್ತಿತ್ತು. ಮಿಷನ್ ಕತ್ತರಿಸೋದನ್ನ ಮಾತ್ರ ಕಲಿತು. ಉಳಿದಿದ್ದೆಲ್ಲ ನಮ್ಮ ತಲೆ ಮೇಲೆ ಬಿತ್ತು, ಅದಕ್ಕೇ ಈಗ 'ಲಾನ್ ಕೇರ್' ಅಂತ ಹೆಸರು.

ಹುಲ್ಲು ಎಷ್ಟು ಕತ್ತರಿಸಿದ್ರೂ ಯಾಕೆ ಸಾಯಲ್ಲ? ಬೇರೆ ಗಿಡದ ಕುಡಿ ತುದಿಯಲ್ಲಿರುತ್ತೆ, ಹುಲ್ಲಿನ ಕುಡಿ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಿರುತ್ತೆ. ಮೇಯೋ ಪ್ರಾಣಿಗಳ ಜೊತೆ ಲಕ್ಷಾಂತರ ವರ್ಷ ಬಾಳಿ ಕಲಿತ ಉಪಾಯ ಇದು. ಹಾಗಂತ ನುಣ್ಣಗೆ ಬೋಳಿಸಿದ್ರೆ ತಡೆಯಲ್ಲ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ ಅನ್ನೋದು ಎಲ್ಲ ಲಾನ್‌ಗೂ ಅನ್ವಯಿಸೋ ಸೂತ್ರ.

ಎತ್ತರ ಮಾತ್ರ ಒಂದೊಂದಕ್ಕೆ ಒಂದೊಂದು. ಗರಿಕೆ ನೆಲದ ಮೇಲೂ ಹಬ್ಬುತ್ತೆ, ಒಳಗೂ ಹಬ್ಬುತ್ತೆ. ಹಾಗಾಗಿ ಒಂದಿಂಚಿಗೆ ಕತ್ತರಿಸಿದ್ರೂ ಎದ್ದು ಬರುತ್ತೆ. ಆದ್ರೆ ನೆರಳು ಆಗಲ್ಲ, ಮಾವಿನ ಮರದ ಕೆಳಗೆ ಹಾಕಿದ್ರೆ ದುಡ್ಡು ದಂಡ. ಅಗಲ ಎಲೆಯ ಬಫಲೋ ಹುಲ್ಲು ನೆರಳು ತಡ್ಕೊಳ್ಳುತ್ತೆ. ಅದರ ಬಳ್ಳಿ ಮಣ್ಣಿನ ಮೇಲೆ ಮಾತ್ರ ಓಡೋದ್ರಿಂದ ತೀರಾ ಕೆಳಗೆ ಕತ್ತರಿಸಿದ್ರೆ ಬಂಡವಾಳವೇ ಹೋಗುತ್ತೆ. ಎರಡೂವರೆ, ಮೂರು ಇಂಚು ಬಿಡಿ. ಮೆಕ್ಸಿಕನ್, ಕೊರಿಯನ್ ಅಂತ ಮಾರೋದು ಸಾಮಾನ್ಯವಾಗಿ ಜಾಯ್ಸಿಯಾ ಕುಲದ್ದು, ಏಷ್ಯಾದ ಹುಲ್ಲು. ನಿಧಾನಕ್ಕೆ ಬೆಳೆಯುತ್ತೆ, ಮಿಷನ್ ಓಡಿಸೋ ಕೆಲಸ ಕಮ್ಮಿ. ಸಣ್ಣೆಲೆಯದ್ದನ್ನ ಸುಮ್ಮನೆ ಬಿಟ್ಟರೆ ಗುಬ್ಬಿ ಗುಬ್ಬಿಯಾಗಿ ಉಬ್ಬಿಕೊಳ್ಳುತ್ತೆ, ಅಷ್ಟೇ.

ಗೊಬ್ಬರದ ವಿಷಯಕ್ಕೆ ಬಂದ್ರೆ, ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಕುರುಬರಿಗೆ ಹೇಳಿ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸ್ತಾರೆ. ಅಪಾರ್ಟ್‌ಮೆಂಟಲ್ಲಿ ಅದಾಗಲ್ಲ ಬಿಡಿ. ಕತ್ತರಿಸಿದ ಹುಲ್ಲಿನ ಸಣ್ಣ ಚೂರುಗಳನ್ನ ಅಲ್ಲೇ ಬಿಡಿ, ಸಾಕು. ಅದರಲ್ಲಿರೋ ಸಾರಜನಕ ಮಣ್ಣಿಗೇ ವಾಪಸ್ ಹೋಗುತ್ತೆ. ನಾವು ಅದನ್ನ ಗುಡಿಸಿ, ಕವರಿಗೆ ತುಂಬಿ, ಕಸದ ಗಾಡಿಗೆ ಕೊಟ್ಟು, ಆಮೇಲೆ ಯೂರಿಯಾ ತರ್ತೀವಿ.

ವಿಶ್ರಾಂತಿ ವಿಷಯದಲ್ಲಂತೂ ನಾವು ಇಂಗ್ಲೆಂಡಿನ ಕಡೆ ನೋಡಲೇಬೇಕಿಲ್ಲ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಅನ್ನೋ ದನದ ಇಲಾಖೆಗೆ ಟಿಪ್ಪು 'ಅಮೃತ ಮಹಲ್' ಅಂತ ಹೆಸರಿಟ್ಟ. ಫಿರಂಗಿ ಎಳೆಯೋ ಎತ್ತುಗಳು ಅಲ್ಲಿಂದಲೇ ಬರಬೇಕು. ಅವುಗಳ ಮೇವಿಗೆ ಕಾಯ್ದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಅಂತ ಬೇರೆ ಬೇರೆ ಇದ್ದವು. ದನ ಋತು ನೋಡ್ಕೊಂಡು ಜಾಗ ಬದಲಿಸ್ತಿದ್ವು. ಒಣಗಿದ ಹುಲ್ಲಿಗೆ ಯಾರೂ ನೀರು ಹೊತ್ತು ಹಾಕ್ತಿರಲಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗೋದು ಅಂದ್ರೆ ಸಾಯೋದಲ್ಲ, ಮಲಗೋದು ಅನ್ನೋದು ದನ ಕಾಯೋರಿಗೆಲ್ಲ ಗೊತ್ತಿದ್ದ ವಿಷಯ.

ಇಂಗ್ಲೆಂಡಿನ ಲಾನ್‌ಗೆ ನೀರಿನ ಚಿಂತೆ ಅಷ್ಟಾಗಿ ಇರಲಿಲ್ಲ. ಅಲ್ಲಿ ವರ್ಷವಿಡೀ ಅಷ್ಟಿಷ್ಟು ಮಳೆ. ಆ ಹಸಿರಿನ ಕಲ್ಪನೆ ದಂಡು ಪ್ರದೇಶದ ಬಂಗಲೆ ಕಾಂಪೌಂಡಿಗೆ, 1876ರ ಬೆಂಗಳೂರು ಗಾಲ್ಫ್ ಕ್ಲಬ್ಬಿಗೆ ಬಂತು. ಮಳೆ ಮಾತ್ರ ಜೊತೆಗೆ ಬರಲಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಮಳೆ ಇಲ್ಲವೇ ಇಲ್ಲ ಅನ್ನೋ ಹಾಗೆ. ಆ ತಿಂಗಳುಗಳ ಹಸಿರು ಪೈಪಿನಿಂದ ಬರಬೇಕು.

2024ರ ಮಾರ್ಚಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ, ಕುಡಿಯೋ ನೀರನ್ನ ಗಾರ್ಡನ್‌ಗೆ, ಕಾರು ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ನಮ್ಮ ಅಪಾರ್ಟ್‌ಮೆಂಟಿನ ಲಾನ್ ಎರಡೇ ವಾರದಲ್ಲಿ ಗೋಣಿಚೀಲದ ಬಣ್ಣಕ್ಕೆ ತಿರುಗಿತು. ಅಸೋಸಿಯೇಷನ್ ಮೀಟಿಂಗಲ್ಲಿ ಅದನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಕಿಸೋ ಕೊಟೇಶನ್ ಮೇಜಿನ ಮೇಲಿತ್ತು. "ನೀರು ಬೇಡ, ಕಟಿಂಗ್ ಬೇಡ, ವರ್ಷವಿಡೀ ಹಸಿರು" ಅಂತ ಪಕ್ಕದ ಬ್ಲಾಕಿನ ಅಂಕಲ್ ಹೇಳಿದ್ರು. ಮಕ್ಕಳಿಗೆ ಆಡೋಕೆ ಜಾಗ ಬೇಕು ಅನ್ನೋ ಅವರ ಮಾತು ಸರಿಯಾಗೇ ಇತ್ತು.

ನಾನು ಎದ್ದು ಹೇಳಿದ್ದು ಇಷ್ಟೇ: "ಇದು ಗರಿಕೆ ಸಾರ್. ನಮ್ಮಪ್ಪ ಇದನ್ನ ಸಾಯಿಸೋಕೆ ನಲವತ್ತು ವರ್ಷ ಒದ್ದಾಡಿದ್ದಾರೆ, ಆಗಿಲ್ಲ. ಒಂದು ಬೇಸಿಗೆಗೆ ಸಾಯುತ್ತಾ? ಮಳೆ ಬರಲಿ, ಆಮೇಲೆ ನೋಡೋಣ." ಎಲ್ಲರೂ ನಕ್ಕರು. ಕೊಟೇಶನ್ ಮುಂದಕ್ಕೆ ಹೋಯ್ತು.

ಜೂನ್ ಮಳೆಗೆ ಬಿಸಿಲು ಬೀಳೋ ಕಡೆಯೆಲ್ಲ ಹಸಿರಾಯ್ತು. ಕಟ್ಟಡದ ನೆರಳಿನ ಪಟ್ಟಿ ಮಾತ್ರ ಹಾಗೇ ಬೋಳು ಉಳಿಯಿತು. ಅಲ್ಲಿಗೆ ಬಫಲೋ ಹಾಕಿಸಿದ್ವಿ. ಈಗ ನಮ್ಮ ಲಾನ್‌ಗೆ ಕೊಳಚೆ ಶುದ್ಧೀಕರಣ ಘಟಕದ ನೀರು, ಅದೂ ದಿನಾ ಅಲ್ಲ, ವಾರಕ್ಕೊಂದು ಸಲ, ಬೆಳಗಿನ ಹೊತ್ತು, ಆಳಕ್ಕೆ ಇಳಿಯೋ ಹಾಗೆ. ಫೆಬ್ರವರಿ ಬಂದ್ರೆ ಅದನ್ನೂ ಕಮ್ಮಿ ಮಾಡ್ತೀವಿ. ಹುಲ್ಲು ಕಂದಾಗುತ್ತೆ. ಹೊಸದಾಗಿ ಬಂದ ಬಾಡಿಗೆದಾರರು ಪ್ರತಿ ವರ್ಷ ವಾಟ್ಸ್ಯಾಪ್ ಗ್ರೂಪಲ್ಲಿ ಲಾನ್ ಸತ್ತೋಯ್ತು ಅಂತ ಫೋಟೋ ಹಾಕ್ತಾರೆ. "ಮಲಗಿದೆ, ಎಬ್ಬಿಸಬೇಡಿ" ಅಂತ ಅದೇ ಅಂಕಲ್ ಉತ್ತರ ಕೊಡ್ತಾರೆ.