ಹಳೆಯ ಪೈಥಾನ್ ಅಳಿಸಿದರೆ ‘ಮಾಡ್ಯೂಲ್ ಸಿಗುತ್ತಿಲ್ಲ’ ತೊಂದರೆ ಹೋಗುತ್ತದೆಯೇ?

ಮಾಡ್ಯೂಲ್ ಈಗಷ್ಟೇ ಇನ್‌ಸ್ಟಾಲ್ ಮಾಡಿದ್ದೀರಿ, ಪ್ರೋಗ್ರಾಂ ಓಡಿಸಿದರೆ ‘ಮಾಡ್ಯೂಲ್ ಸಿಗುತ್ತಿಲ್ಲ’ ಎನ್ನುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಯಾರಾದರೂ ಹೇಳಿಯೇ ಹೇಳುತ್ತಾರೆ: “ಹಳೆಯ ಪೈಥಾನ್ ಅಳಿಸಿಬಿಡಿ, ಸರಿಹೋಗುತ್ತೆ.”

ನಿಮ್ಮದು ಲಿನಕ್ಸ್ ಆಗಿದ್ದರೆ ದಯವಿಟ್ಟು ಅಳಿಸಬೇಡಿ. ಉಬುಂಟು, ಡೆಬಿಯನ್‌ಗಳ ಎಷ್ಟೋ ಭಾಗಗಳು ಅವುಗಳ ಜೊತೆಯಲ್ಲೇ ಬಂದ ಪೈಥಾನ್ ಮೇಲೆ ನಿಂತಿವೆ. ಅದನ್ನು ಕಿತ್ತರೆ ಡೆಸ್ಕ್‌ಟಾಪ್ ಕೂಡ ಅದರೊಂದಿಗೆ ಹೋಗಬಹುದು.

ಹಾಗಾದರೆ ತೊಂದರೆ ಎಲ್ಲಿದೆ? ಒಂದೇ ಕಂಪ್ಯೂಟರಿನಲ್ಲಿ ಪೈಥಾನ್ 3.10 ಮತ್ತು 3.12 ಎರಡೂ ಇರಬಹುದು. ಆದರೆ ಮಾಡ್ಯೂಲುಗಳನ್ನು ಇಡುವ ‘ಸೈಟ್-ಪ್ಯಾಕೇಜಸ್’ ಫೋಲ್ಡರ್ ಸಾಮಾನ್ಯವಾಗಿ ಒಂದೊಂದಕ್ಕೂ ಬೇರೆ. ನೀವು ಬಳಸಿದ ‘ಪಿಪ್’ 3.10ಕ್ಕೆ ಸೇರಿದ್ದು, ಪ್ರೋಗ್ರಾಂ ಓಡಿದ್ದು 3.12ರಲ್ಲಿ ಎಂದಾದರೆ ಮಾಡ್ಯೂಲ್ ಕಾಣುವುದಿಲ್ಲ. ಅದಕ್ಕೇ ಬರೀ ‘ಪಿಪ್ ಇನ್‌ಸ್ಟಾಲ್’ ಎನ್ನುವ ಬದಲು, ಬೇಕಾದ ಪೈಥಾನ್‌ನ ಹೆಸರು ಬರೆದು ‘-ಎಂ ಪಿಪ್ ಇನ್‌ಸ್ಟಾಲ್’ ಸೇರಿಸುವುದು ಒಳ್ಳೆಯದು. ಆಗ ಮಾಡ್ಯೂಲ್ ಆ ಪೈಥಾನ್‌ಗೇ ಸೇರುತ್ತದೆ.

ಇನ್ನೊಂದು ಸಲಹೆಯೂ ಓಡಾಡುತ್ತದೆ: ‘ಪೈಥಾನ್‌ಪಾತ್’ನಲ್ಲಿ ಹಳೆಯ ಫೋಲ್ಡರಿನ ದಾರಿ ಬರೆದುಬಿಡಿ ಎಂದು. ಮೊದಲ ದಿನ ಕೆಲಸ ಮಾಡಿದಂತೆ ಕಾಣಬಹುದು. ಆದರೆ ಈ ಪಟ್ಟಿಯನ್ನು ಕಂಪ್ಯೂಟರಿನ ಎಲ್ಲ ಪೈಥಾನ್‌ಗಳೂ ಓದುತ್ತವೆ, ಅದೂ ತಮ್ಮ ಸ್ವಂತ ಸೈಟ್-ಪ್ಯಾಕೇಜಸ್‌ಗಿಂತ ಮೊದಲು. ನಂಪೈಯಂಥ ಮಾಡ್ಯೂಲುಗಳಲ್ಲಿ ಆಯಾ ಆವೃತ್ತಿಗೆಂದೇ ಕಂಪೈಲ್ ಮಾಡಿದ ಭಾಗಗಳಿರುತ್ತವೆ. 3.10ಕ್ಕೆ ಹೊಲಿದ ಅಂಗಿ 3.12ಕ್ಕೆ ಹಿಡಿಸುವುದಿಲ್ಲ. ಆಮೇಲೆ ಬರುವ ದೋಷ ಸಂದೇಶಗಳೂ ಅರ್ಥವಾಗದಷ್ಟು ವಿಚಿತ್ರವಾಗಿರುತ್ತವೆ.

2023ರಲ್ಲಿ ಬಂದ ಡೆಬಿಯನ್ 12ರಿಂದ, ಸಿಸ್ಟಂನ ಪೈಥಾನ್‌ಗೆ ಪಿಪ್ ಮೂಲಕ ಏನಾದರೂ ಹಾಕಹೊರಟರೆ ಅದೇ ತಡೆಯುತ್ತದೆ. ತಡೆ ದಾಟಲು ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಎಂಬ ಆಯ್ಕೆಯಿದೆ. ಸಿಸ್ಟಂ ಕೆಡಬಹುದು ಎಂದು ಹೆಸರೇ ಹೇಳುತ್ತಿದ್ದರೂ ಅದನ್ನು ಪರಿಹಾರವೆಂದು ಹಂಚುವವರಿದ್ದಾರೆ!

ನಾವು ಸೂಚಿಸುವುದು ‘ವೆನ್ವ್’. 2012ರ ಪೈಥಾನ್ 3.3ರಿಂದ ಇದು ಭಾಷೆಯ ಜೊತೆಗೇ ಬರುತ್ತದೆ, ಆದರೆ ಡೆಬಿಯನ್, ಉಬುಂಟುಗಳಲ್ಲಿ ಬೇರೆ ಪ್ಯಾಕೇಜಾಗಿ ಹಾಕಿಕೊಳ್ಳಬೇಕಾಗಬಹುದು. ಪ್ರತಿ ಪ್ರಾಜೆಕ್ಟಿಗೂ ಅದರದೇ ಮಾಡ್ಯೂಲ್ ಫೋಲ್ಡರ್ ಸಿಗುತ್ತದೆ, ಕೆಟ್ಟರೆ ಆ ಫೋಲ್ಡರ್ ಮಾತ್ರ ಅಳಿಸಿದರೆ ಸಾಕು. ಅದನ್ನು ಬೇರೆ ಜಾಗಕ್ಕೆ ಎತ್ತಿಡಬೇಡಿ, ಹಳೆಯ ದಾರಿಗಳು ಒಳಗೆ ಬರೆದಿರುತ್ತವೆ. ಮಾಡ್ಯೂಲುಗಳ ಪಟ್ಟಿ ಉಳಿಸಿಕೊಂಡು ಹೊಸ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳಿ.