ತಕ್ಕಡಿಗೆ ಏರದ ಅಂಕಗಳು

ಪರೀಕ್ಷೆಯ ಫಲಿತಾಂಶ ಹೊರಬಿದ್ದಿತೆಂದರೆ ಮನೆಮನೆಯಲ್ಲಿಯೂ ಕೂಡುವ ಕಳೆಯುವ ಲೆಕ್ಕ ಮೊದಲಾಗುತ್ತದೆ. ಭೌತಶಾಸ್ತ್ರಕ್ಕೆ ಎಷ್ಟು, ಗಣಿತಕ್ಕೆ ಎಷ್ಟು ಎಂದು ನೆಂಟರಿಷ್ಟರು ವಿಚಾರಿಸುತ್ತಾರೆ. ಕನ್ನಡಕ್ಕೆ ಎಷ್ಟು ಬಂತೆಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಇದಕ್ಕೆ ನೆಂಟರನ್ನು ದೂರಬೇಕಾಗಿಲ್ಲ. ಕಾಲೇಜಿನ ತಕ್ಕಡಿ ಏನನ್ನು ತೂಗುತ್ತದೆಯೋ ಜನ ಅದನ್ನೇ ಕೇಳುತ್ತಾರೆ. ಈ ತಕ್ಕಡಿಯನ್ನು ಕಟ್ಟಿದ ಬಗೆಯಾದರೂ ಹೇಗೆಂದು ವಿಚಾರಿಸಿದರೆ ನಮ್ಮ ನಾಡಿನದೇ ಒಂದು ಸ್ವಾರಸ್ಯವಾದ ಚರಿತ್ರೆ ದೊರೆಯುತ್ತದೆ.

1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಒಳಗೆ ಬರಬೇಕೆನ್ನುವವನು ವಿಶ್ವವಿದ್ಯಾನಿಲಯವೇ ನಡೆಸುವ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಗೆಲ್ಲಬೇಕಿತ್ತು. ಪಟ್ಟಿಯಲ್ಲಿ ಹೆಸರು ಬರೆಸುವುದು ಎಂಬುದೇ ಆ ಮಾತಿನ ಮೂಲಾರ್ಥ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ನಮ್ಮ ಸಂಸ್ಥಾನದ ಕಾಲೇಜುಗಳೂ ಮದರಾಸಿಗೇ ಸೇರಿದ್ದವು. ಆಗಿನ ಪ್ರಶ್ನೆ ಒಂದೇ: ಹುಡುಗ ಗೆದ್ದನೆ, ಸೋತನೆ? ಗೆದ್ದವರಿಗಿಂತ ಸ್ಥಾನಗಳು ಕಡಿಮೆಯಾದಾಗ ಮಾತ್ರ ಯಾರು ಹೆಚ್ಚು, ಯಾರು ಕಡಿಮೆ ಎಂಬ ತೂಕ ಬೇಕಾಯಿತು. ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂಥ ಕಾಲ ಬಂದೇಬಂದಿತು.

1960ರ ದಶಕದ ಮೊದಲಲ್ಲಿ ಮೈಸೂರು ಸರ್ಕಾರ ಒಂದು ಸೂತ್ರ ಹಾಕಿತು. ಅಭ್ಯರ್ಥಿಯ ಐಚ್ಛಿಕ ವಿಷಯಗಳ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದು; ಅವುಗಳ ಗರಿಷ್ಠ ಮೊತ್ತದ ನೂರಕ್ಕೆ 25ರಷ್ಟು ಅಂಕಗಳನ್ನು ಸಂದರ್ಶನಕ್ಕೆ ಇಡುವುದು. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗ, ಎನ್.ಸಿ.ಸಿ. ಮತ್ತು ಪಠ್ಯೇತರ ಚಟುವಟಿಕೆಗಳನ್ನು ಸಂದರ್ಶಕರು ನೋಡಬೇಕಿತ್ತು. ಉದ್ದೇಶ ಒಳ್ಳೆಯದೇ. ಉತ್ತರಪತ್ರಿಕೆ ಹೇಳದೆ ಬಿಟ್ಟದ್ದನ್ನು ಮುಖಾಮುಖಿ ಮಾತು ಹೇಳೀತು ಎಂಬ ನಂಬಿಕೆ ಅದರ ಹಿಂದಿತ್ತು.

ಆದರೆ ಪರೀಕ್ಷೆಯಲ್ಲಿ ಮುಂದಿದ್ದ ಕೆಲವರು ಸಂದರ್ಶನದಲ್ಲಿ ಹಿಂದೆ ಬಿದ್ದು ಸ್ಥಾನ ಕಳೆದುಕೊಂಡರು. ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದೇ ಚಿತ್ರಲೇಖಾ ಮೊಕದ್ದಮೆ. 1964ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸುಬ್ಬರಾವ್ ಅವರು ಬಹುಮತದ ತೀರ್ಪು ಬರೆದು, ಸಂದರ್ಶನದ ಪದ್ಧತಿಯೇ ಸಂವಿಧಾನಕ್ಕೆ ವಿರುದ್ಧವೆಂದು ಹೇಳಲಾಗದು ಎಂದರು. ನ್ಯಾಯಮೂರ್ತಿ ಮುಧೋಳ್ಕರ್ ಅವರದು ಭಿನ್ನಮತ.

ಹದಿನಾರು ವರ್ಷಗಳ ತರುವಾಯ, 1980ರಲ್ಲಿ, ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನದೊಂದು ಪ್ರಕರಣವನ್ನು ಅದೇ ನ್ಯಾಯಾಲಯ ತೀರ್ಮಾನಿಸಿತು. ಅಲ್ಲಿ ಬರವಣಿಗೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರೊಡನೆ ಆಡಿದ ಮಾತು ಎರಡು ಮೂರು ನಿಮಿಷದ್ದೆಂಬುದು ದೂರು. ಸಂದರ್ಶನಕ್ಕೆ ನೂರಕ್ಕೆ 15ಕ್ಕಿಂತ ಹೆಚ್ಚು ಇಡುವುದು ಸ್ವೇಚ್ಛೆಯಾಗುತ್ತದೆಂದು ಅಜಯ್ ಹಾಸಿಯಾ ತೀರ್ಪು ಸಾರಿತು. ಎರಡು ನಿಮಿಷದಲ್ಲಿ ವ್ಯಕ್ತಿತ್ವ ಕಾಣದು. ವೇಷಭೂಷಣ ಕಾಣುತ್ತದೆ, ಮನೆತನದ ಸುಳಿವು ಸಿಗುತ್ತದೆ.

ಕರ್ನಾಟಕದಲ್ಲಿ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು. ಇಂಜಿನಿಯರಿಂಗ್ ಶ್ರೇಣಿಗೆ ಪಿಯುಸಿಯ ಐಚ್ಛಿಕ ವಿಷಯಗಳ ಅಂಕ ಅರ್ಧ, ಪ್ರವೇಶ ಪರೀಕ್ಷೆಯ ಅಂಕ ಅರ್ಧ ಎಂಬ ಲೆಕ್ಕ ರೂಢಿಯಾಯಿತು. ಇದರಲ್ಲಿ ಯಾರ ಮುಖವನ್ನೂ ನೋಡುವಂತಿಲ್ಲ. ಆದರೂ ಅಂಕವೆಂಬುದು ಸದಾ ಒಂದೇ ತೂಕದ ಬಟ್ಟಲ್ಲ. 2021ರಲ್ಲಿ ಕೋವಿಡ್ ದೆಸೆಯಿಂದ ಪಿಯುಸಿ ಪರೀಕ್ಷೆಯೇ ನಡೆಯದೆ, ಹಿಂದಿನ ತರಗತಿಗಳ ಆಧಾರದಿಂದ ಅಂಕ ಕೊಟ್ಟರು. ಮರುವರ್ಷ ಆ ತಂಡದವರು ಮತ್ತೆ ಪ್ರವೇಶ ಪರೀಕ್ಷೆಗೆ ಕುಳಿತಾಗ ಅವರ ಪಿಯುಸಿ ಅಂಕಗಳನ್ನು ಬಿಟ್ಟು ಶ್ರೇಣಿ ಕಟ್ಟಲಾಯಿತು. ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ಆ ಅಂಕಗಳಲ್ಲಿ ಒಂದಿಷ್ಟು ಕಳೆದು ಉಳಿದದ್ದನ್ನು ಹಿಡಿಯುವ ಸೂತ್ರದಿಂದ ಬಗೆಹರಿಯಿತು.

ಸಂದರ್ಶನ ಮರಳಿ ಬರಲಿ ಎಂದು ನಾನು ಹೇಳಲಾರೆ. ಶಿಫಾರಸಿಲ್ಲದ ಬಡವನ ಮಗನಿಗೆ ಒಣ ಅಂಕವೇ ದೊಡ್ಡ ಆಸರೆ. ಆದರೆ ಸಂದರ್ಶನ ಹುಡುಕಹೊರಟದ್ದು ಮಾತ್ರ ಅನಾಥವಾಯಿತು. ಐಚ್ಛಿಕ ವಿಷಯಗಳಷ್ಟೇ ಸಾಕೆಂಬ 1960ರ ದಶಕದ ಸೂತ್ರವನ್ನು ನಾವು ಹಾಗೆಯೇ ಉಳಿಸಿಕೊಂಡಿದ್ದೇವೆ. ಭಾಷೆಯಲ್ಲಿ ಹುಡುಗ ತೇರ್ಗಡೆಯಾದರೆ ಸಾಕು. ಮೂವತ್ತೈದು ಬಂದರೂ, ತೊಂಬತ್ತೈದು ಬಂದರೂ ಶ್ರೇಣಿ ಒಂದೇ. ರೋಗಿಯ ಮಾತನ್ನು ಕೇಳಿ ತಿಳಿಯಬೇಕಾದ ವೈದ್ಯನಿಗೂ, ಊರಿನವರಿಗೆ ಸೇತುವೆಯ ಲೆಕ್ಕವನ್ನು ಬಿಡಿಸಿ ಹೇಳಬೇಕಾದ ಇಂಜಿನಿಯರಿಗೂ ಭಾಷೆ ಬೇಡವೆ? ಭಾಷೆಯ ಅಂಕವನ್ನು ಯಾರ ಮುಖವನ್ನೂ ನೋಡದೆ ತೂಗಬಹುದು. ನೂರಕ್ಕೆ ಐದರಷ್ಟಾದರೂ ಅದಕ್ಕೆ ತಕ್ಕಡಿಯಲ್ಲಿ ಜಾಗ ಕೊಟ್ಟು ನೋಡಲಿ. ಮುಂದಿನ ಬೇಸಿಗೆಗೆ ಕನ್ನಡದ ಪುಸ್ತಕ ಎಷ್ಟು ಮನೆಗಳಲ್ಲಿ ತೆರೆದುಕೊಳ್ಳುತ್ತದೆಂಬುದನ್ನು ಆಗ ಎಣಿಸೋಣ.