ಇನಾಮಿನಿಂದ ರಕ್ಷಣೆಗೆ: ಸೀಳುನಾಯಿಯ ಕಥೆ

ಒಂದು ಸ್ತನಿ ಇನ್ನೊಂದು ಸ್ತನಿಯನ್ನು ಬೇಟೆಯಾಡುವುದು ಕಡಲಲ್ಲೂ ಉಂಟು, ಕಾಡಲ್ಲೂ ಉಂಟು. ಕರಾವಳಿ ನೀರಿನಲ್ಲಿ ಓರ್ಕಾಗಳು ಗುಂಪುಗೂಡಿ ಸೀಲ್, ಡಾಲ್ಫಿನ್‌ಗಳನ್ನು ಹಿಡಿಯುತ್ತವೆ. ಉತ್ತರ ಕನ್ನಡದ ದಾಂಡೇಲಿ, ಜೋಯಿಡಾ ಕಾಡುಗಳಲ್ಲಿ ಹೀಗೆ ಗುಂಪಾಗಿ ಬೇಟೆಯಾಡುವ ಪ್ರಾಣಿ ಸೀಳುನಾಯಿ. ಎರಡನ್ನೂ ಮನುಷ್ಯ ಬಹುಕಾಲ ಕಟುಕನೆಂದೇ ಕರೆದ.

ಸೀಳುನಾಯಿಯ ತೂಕ 12ರಿಂದ 20 ಕಿ.ಗ್ರಾಂ. ಊರನಾಯಿ, ತೋಳಗಳ ಬಾಯಲ್ಲಿ 42 ಹಲ್ಲುಗಳಿದ್ದರೆ ಇದಕ್ಕೆ 40. ಕೆಳದವಡೆಯ ಪ್ರತಿ ಬದಿಯಲ್ಲೂ ಒಂದೊಂದು ಅರೆಯುವ ಹಲ್ಲು ಕಡಿಮೆ. ಸಿಳ್ಳೆಯಂಥ ಕೂಗಿನಿಂದ ಗುಂಪು ಸಂಪರ್ಕದಲ್ಲಿರುತ್ತದೆ. ಹುಲಿಯಂತೆ ಕುತ್ತಿಗೆ ಹಿಡಿದು ಕೊಲ್ಲುವ ಶಕ್ತಿ ಒಂಟಿ ಸೀಳುನಾಯಿಗಿಲ್ಲ. ಹಲವು ಸೇರಿ ಜಿಂಕೆಯನ್ನು ಅಟ್ಟಿ, ಪ್ರಾಣ ಹೋಗುವ ಮೊದಲೇ ತಿನ್ನತೊಡಗುತ್ತವೆ.

ಈ ದೃಶ್ಯವೇ ಅದಕ್ಕೆ ಮುಳುವಾಯಿತು. ಶಿಕಾರಿಯವರಿಗೆ ಅದು ಕ್ರೂರಿ ಮಾತ್ರವಲ್ಲ, ತಮ್ಮ ಪಾಲಿನ ಜಿಂಕೆ, ಕಡವೆಗಳನ್ನು ಕಸಿಯುವ ಪ್ರತಿಸ್ಪರ್ಧಿಯೂ ಹೌದು. ಬ್ರಿಟಿಷ್ ಭಾರತದಲ್ಲಿ ಸೀಳುನಾಯಿ ಪೀಡೆಯ ಪಟ್ಟಿಗೆ ಸೇರಿತು. ಕೊಂದವರಿಗೆ ಸರ್ಕಾರವೇ ಇನಾಮು ಕೊಟ್ಟಿತು. 1956ರಲ್ಲಿ ದಾಂಡೇಲಿ ವನ್ಯಧಾಮವಾಯಿತು. ಆದರೆ ದೇಶದಲ್ಲಿ ಸೀಳುನಾಯಿಗೆ ಕಾನೂನಿನ ರಕ್ಷಣೆ ದೊರೆತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ.

ಸೀಳುನಾಯಿ ಕಾಡನ್ನೇ ಬರಿದು ಮಾಡುತ್ತದೆಯೆ? ಉತ್ತರ ಬಂದದ್ದು ಕರ್ನಾಟಕದ ಕಾಡುಗಳಿಂದಲೇ. 1976–78ರಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಸೀಳುನಾಯಿಗಳ ಬೆನ್ನುಹತ್ತಿ, ಅವುಗಳ ಮುಖ್ಯ ಆಹಾರ ಚುಕ್ಕೆ ಜಿಂಕೆ ಎಂದು ತೋರಿಸಿದರು. 1995ರಲ್ಲಿ ಕೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯ ಅಧ್ಯಯನ ಪ್ರಕಟಿಸಿದರು. ಅಲ್ಲಿ ಹುಲಿಯ ಮುಖ್ಯ ಬೇಟೆಗಳ ಸರಾಸರಿ ತೂಕ 91.5 ಕಿ.ಗ್ರಾಂ., ಸೀಳುನಾಯಿಯದು 43.4, ಚಿರತೆಯದು 37.6. ಸೀಳುನಾಯಿ ಮತ್ತು ಚಿರತೆಯ ಬೇಟೆಗಳ ಗಾತ್ರ ಸಮೀಪವಿದ್ದರೂ ಸೀಳುನಾಯಿ ಬೇಟೆಯಾಡುವುದು ಹೆಚ್ಚಾಗಿ ಹಗಲಿನಲ್ಲಿ. ಬೇಟೆಪ್ರಾಣಿಗಳು ಸಾಕಷ್ಟಿದ್ದರೆ ಮೂರೂ ಒಂದೇ ಕಾಡಿನಲ್ಲಿ ಬಾಳಬಲ್ಲವು.

ದಾಂಡೇಲಿ ಮತ್ತು ಅಣಶಿ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು; 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಅದೇ 2015ರ ಅಂತಾರಾಷ್ಟ್ರೀಯ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ಉಳಿದಿದ್ದ ವಯಸ್ಕ ಸೀಳುನಾಯಿಗಳು 949ರಿಂದ 2,215 ಮಾತ್ರ. ಈಗ ಕೋವಿಗಿಂತ ದೊಡ್ಡ ಅಪಾಯಗಳು ಜಿಂಕೆ–ಕಡವೆಗಳ ಕೊರತೆ, ಕಾಡು ತುಂಡಾಗುವುದು, ಊರನಾಯಿಗಳಿಂದ ಹರಡುವ ರೋಗಗಳು. ಸೀಳುನಾಯಿಯ ಬೇಟೆಯ ರೀತಿ ಅಂದಿಗೂ ಇಂದಿಗೂ ಒಂದೇ. ಬದಲಾದದ್ದು ನಮ್ಮ ತಿಳಿವಳಿಕೆ. ಅದು ಬಂದದ್ದು ಕಾಡಿನಲ್ಲಿ ಕಂಡು, ಎಣಿಸಿ, ತೂಗಿ ನೋಡಿದ ಮೇಲೆ.